ಒಂದೇ ಮರ, ಹನ್ನೆರಡು ವಾರ

ಮನಸ್ಸು ಸೋತವರನ್ನು, ಒಂಟಿಯಾದವರನ್ನು ಸುತ್ತಲೂ ಕೂರಿಸಿ ‘ಮಾತಾಡಿ’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಕೈಗೊಂದು ಕೆಲಸ, ಕಣ್ಣಿಗೊಂದು ಮರ ಕೊಟ್ಟು ಪಕ್ಕಪಕ್ಕ ಕೂರಿಸಿದರೆ ಮಾತು ತಾನಾಗಿ ಹೊರಡುತ್ತದೆ. ಹೊರಡದಿದ್ದರೂ ನಷ್ಟವಿಲ್ಲ. ನಾವು ನಡೆಸುವ ಬಯಲು ಚಿತ್ರಕೂಟದ, ಅಂದರೆ ಬಯಲಲ್ಲಿ ಮರದ ಮುಂದೆ ಕೂತು ಚಿತ್ರ ಬಿಡಿಸುವ ಕೂಟದ, ಗುಟ್ಟು ಇಷ್ಟೇ. ಉಳಿದದ್ದೆಲ್ಲ ವ್ಯವಸ್ಥೆ, ಕೆಡುವುದೂ ಹೆಚ್ಚಾಗಿ ಅಲ್ಲೇ.

ಲೆಕ್ಕ ಹೀಗಿದೆ: 6ರಿಂದ 8 ಜನ, ನಡೆಸುವವರು ಇಬ್ಬರು, ವಾರಕ್ಕೊಮ್ಮೆ 90 ನಿಮಿಷ, ಒಟ್ಟು 12 ವಾರ. ನಾಲ್ಕೇ ಜನರಿದ್ದರೆ ಇಬ್ಬರು ತಪ್ಪಿಸಿಕೊಂಡ ದಿನ ಬಂದವರಿಗೆ ಎಲ್ಲರ ಕಣ್ಣೂ ತಮ್ಮ ಮೇಲೇ ಇದೆ ಅನ್ನಿಸುತ್ತದೆ. ಹತ್ತು ದಾಟಿದರೆ ಕೂಟ ಎರಡಾಗಿ ಒಡೆಯುತ್ತದೆ. ಯಾರಾದರೂ ಎದ್ದು ಹೋದರೆ ನಡೆಸುವವರಲ್ಲಿ ಒಬ್ಬರು ಅವರ ಹಿಂದೆ ಹೋಗಬೇಕು, ಇನ್ನೊಬ್ಬರು ಕೂಟ ಹಿಡಿದು ಕೂರಬೇಕು. ಒಬ್ಬರೇ ಇದ್ದರೆ ಎರಡೂ ಆಗುವುದಿಲ್ಲ.

ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಾರಕ್ಕೆ ಕನಿಷ್ಠ 120 ನಿಮಿಷ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚು ಎಂದು ತೋರಿಸಿತು. ಒಂದೇ ಸಲ ಕಳೆದರೂ ತುಂಡು ತುಂಡಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲ. ಇದು ಸಂಬಂಧ ತೋರಿಸುವ ಲೆಕ್ಕ, ಕಾರಣ ಸಾಬೀತು ಮಾಡುವಂಥದ್ದಲ್ಲ. ಆದರೂ ನಮಗೊಂದು ಅಂದಾಜು ಸಿಕ್ಕಿತು: 90 ನಿಮಿಷ ಕೂಟದಲ್ಲಿ, ಉಳಿದ 30 ನಿಮಿಷ ಮನೆಯ ಹತ್ತಿರ, ತಾವೇ ಆರಿಸಿಕೊಂಡ ಒಂದು ಗಿಡದ ಮುಂದೆ.

ಜಾಗ ಹುಡುಕುವಾಗ ಸೌಂದರ್ಯ ಕೊನೆಗೆ. ಮೊದಲು ನೋಡಬೇಕಾದ್ದು ಶೌಚಾಲಯ, ಬೆನ್ನಿಗೆ ಆಸರೆ ಇರುವ ಆಸನ, ಗಾಲಿಕುರ್ಚಿ ಹೋಗುವಷ್ಟು, ಅಂದರೆ ಕನಿಷ್ಠ 90 ಸೆಂ.ಮೀ. ಅಗಲದ ಗಟ್ಟಿ ದಾರಿ, ಆಮೇಲೆ ನೆರಳು. ನೆರಳಿನ ವಿಷಯದಲ್ಲಿ ಹೊಸಬರೆಲ್ಲ ಏಮಾರುತ್ತಾರೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಶುರುವಿನಲ್ಲಿ ತಂಪಾಗಿದ್ದ ಬೆಂಚು ಮುಗಿಯುವ ಹೊತ್ತಿಗೆ ಕಾವಲಿ. ಹಾಗಾಗಿ ಒಂದು ವಾರ ಮೊದಲೇ, ಕೂಟ ಶುರುವಾಗುವ ಹೊತ್ತಿಗೆ ಸರಿಯಾಗಿ ಹೋಗಿ ಪೂರ್ತಿ 90 ನಿಮಿಷ ಅಲ್ಲೇ ಕೂತು ನೋಡುತ್ತೇವೆ. ಬೇರೆ ದಾರಿಯಿಲ್ಲ.

ಆಸನಗಳನ್ನು ವೃತ್ತದಲ್ಲಿ ಇಡುವುದಿಲ್ಲ. ಎಲ್ಲರ ಮುಖವೂ ಮರದ ಕಡೆ ಇರುವಂತೆ ಕಮಾನಿನಾಕಾರದಲ್ಲಿ, ಒಬ್ಬರಿಂದೊಬ್ಬರಿಗೆ ಒಂದು ಮಾರು ದೂರ. ಎದುರುಬದುರು ಕೂತಾಗ ಮೌನ ಮುಜುಗರ ತರುತ್ತದೆ, ಪಕ್ಕದಲ್ಲಿ ಕೂತಾಗ ಅದೇ ಮೌನ ಸಹಜ. ವಾರ ವಾರವೂ ಅದೇ ಮರ, ಬದಲಿಸುವುದಿಲ್ಲ. ಮೂರನೇ ವಾರ ‘ಮತ್ತೆ ಇದೇನಾ’ ಎಂಬ ಗೊಣಗು ಬರುತ್ತದೆ. ಐದನೇ ವಾರದ ಹೊತ್ತಿಗೆ ‘ಆ ಕೊಂಬೆಯಲ್ಲಿ ಹೋದ ವಾರ ಇಷ್ಟು ಚಿಗುರಿರಲಿಲ್ಲ’ ಎಂಬ ಮಾತು ಶುರುವಾಗುತ್ತದೆ. ನಮಗೆ ಬೇಕಾದ್ದು ಆ ಮಾತು.

ಇನ್ನು ಸಾಮಾನು. ಕಾಗದ ಎ6, ಅಂದರೆ 105 × 148 ಮಿ.ಮೀ., ಅಂಗೈಗಿಂತ ಸ್ವಲ್ಪ ದೊಡ್ಡದು. ದೊಡ್ಡ ಹಾಳೆ ಕೊಟ್ಟರೆ ಅದರ ಖಾಲಿತನವೇ ಹೆದರಿಸುತ್ತದೆ. ಕಾಗದದ ತೂಕವನ್ನು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು, ಹೇಳುತ್ತಾರೆ. ಪೆನ್ಸಿಲ್ ಗೀಚಿಗೆ 150 ಜಿಎಸ್‌ಎಂ ಸಾಕು, ನೀರಿನ ಬಣ್ಣಕ್ಕೆ 300 ಜಿಎಸ್‌ಎಂ ಬೇಕು. ತೆಳು ಕಾಗದ ನೀರು ತಾಗಿದೊಡನೆ ದೋಣಿಯಂತೆ ಬಾಗುತ್ತದೆ, ಹಾಕಿದವರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಪೆನ್ಸಿಲ್ 4ಬಿ, ಅಂದರೆ ಮೆತ್ತಗಿದ್ದು ಕಪ್ಪಾಗಿ ಮೂಡುವಂಥದ್ದು. ಎಚ್‌ಬಿಯ ಬಣ್ಣ ಮಾಸಲು, ಗೆರೆ ಕಾಣಲೆಂದು ಒತ್ತಿ ಒತ್ತಿ ಬೆರಳು ಬಿಗಿಯುತ್ತದೆ. ಕೈ ನಡುಗುವವರಿಗೆ ಪೆನ್ಸಿಲ್ ಮೇಲೆ ಸ್ಪಂಜಿನ ಕೊಳವೆ, ಕಣ್ಣು ಮಂದವಾದವರಿಗೆ ದಪ್ಪ ಕಪ್ಪು ಸ್ಕೆಚ್‌ಪೆನ್. ರಟ್ಟಿಗೆ ಎರಡು ಕ್ಲಿಪ್, ಮೇಲೊಂದು ಕೆಳಗೊಂದು. ಒಂದೇ ಇದ್ದರೆ ಗಾಳಿ ಕಾಗದವನ್ನು ಪಟಪಟ ಬಡಿಯುತ್ತದೆ. ಇದ್ದಿಲು ಬೇಡ, ಅದರ ಪುಡಿ ಉಬ್ಬಸದವರಿಗೆ ಆಗದು. ರಬ್ಬರ್ ಅಂತೂ ಪೆಟ್ಟಿಗೆಯಲ್ಲೇ ಇರಬಾರದು. ಇದ್ದರೆ ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚಾಗುತ್ತದೆ.

ಬಂದೊಡನೆ ಮರದ ಸುತ್ತ ನಿಧಾನವಾಗಿ 10 ನಿಮಿಷ ನಡಿಗೆ, ಮಾತಿಲ್ಲ. ಆಮೇಲೆ ಮೂರು ನಿಮಿಷ ಕುರುಡುಗೆರೆ: ಕಣ್ಣು ಎಲೆಯ ಅಂಚಿನ ಮೇಲೆ ಇರುವೆಯಂತೆ ಹರಿಯಬೇಕು, ಪೆನ್ಸಿಲ್ ಅದೇ ವೇಗದಲ್ಲಿ ಚಲಿಸಬೇಕು, ಕಾಗದದತ್ತ ನೋಡುವಂತಿಲ್ಲ. ಕದ್ದು ನೋಡುವವರಿಗೆ ಕಾಗದದ ತಟ್ಟೆಯ ನಡುವೆ ತೂತು ಮಾಡಿ ಪೆನ್ಸಿಲನ್ನು ಅದರಲ್ಲಿ ತೂರಿಸಿ ಕೊಡುತ್ತೇವೆ, ಕೈ ಮರೆಯಾಗುತ್ತದೆ. ಬರುವುದು ಎಲ್ಲರಿಗೂ ಒಂದೇ ಸೊಟ್ಟ ಚಿತ್ರ. ಶಾಲೆ ಬಿಟ್ಟ ಮೇಲೆ ಪೆನ್ಸಿಲ್ ಮುಟ್ಟದವರೂ ಚೆನ್ನಾಗಿ ಬಿಡಿಸುವವರೂ ಇಲ್ಲಿ ಸಮ, ಎಲ್ಲರೂ ನಗುತ್ತಾರೆ.

ಮುಂದಿನ 45 ನಿಮಿಷ ಕೆಲಸ. 2016ರಲ್ಲಿ ಪ್ರಕಟವಾದ ಸಣ್ಣದೊಂದು ಪ್ರಯೋಗದಲ್ಲಿ 39 ವಯಸ್ಕರು 45 ನಿಮಿಷ ಚಿತ್ರ, ಜೇಡಿಮಣ್ಣು, ತುಣುಕು ಅಂಟಿಸುವ ಕೊಲಾಜ್ ಮಾಡಿದರು. ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿದಿತ್ತು, ಮೊದಲೇ ಕಲೆಯ ಅಭ್ಯಾಸ ಇತ್ತೋ ಇಲ್ಲವೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಅದನ್ನು ಹೊತ್ತು ಮೆರೆಸಬೇಕಿಲ್ಲ. ‘ನನಗೆ ಚಿತ್ರ ಬರುವುದಿಲ್ಲ’ ಎಂದು ಬಾಗಿಲಲ್ಲೇ ನಿಂತವರಿಗೆ ಹೇಳಲು ಮಾತ್ರ ಒಳ್ಳೆಯ ಸುದ್ದಿ.

ತೀರಾ ಹಿಂಜರಿಯುವವರಿಗೆ ಎಲೆಯಚ್ಚು. ಅವತ್ತೇ ಬಿದ್ದ ಎಲೆ ಬೇಕು, ಒಣಗಿದ್ದು ಪುಡಿಯಾಗುತ್ತದೆ. ಬೆನ್ನು, ಅಂದರೆ ನರ ಉಬ್ಬಿದ ಬದಿ, ಮೇಲೆ ಬರುವಂತೆ ರಟ್ಟಿನ ಮೇಲಿಟ್ಟು 80 ಜಿಎಸ್‌ಎಂ ತೆಳು ಕಾಗದ ಹೊದಿಸಬೇಕು. ಮೇಣದ ಬಳಪದ ಸುತ್ತಿನ ಕಾಗದ ಸುಲಿದು, ಬಳಪವನ್ನು ಅಡ್ಡ ಮಲಗಿಸಿ, ತೊಟ್ಟಿನಿಂದ ತುದಿಯ ಕಡೆ ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಬೇಕು. ಹಿಂದೆಮುಂದೆ ಉಜ್ಜಿದರೆ ಎಲೆ ಸರಿದು ನರ ಎರಡೆರಡು ಮೂಡುತ್ತದೆ. ಸರಿಯಾಗಿ ಎಳೆದಾಗ ಮೊದಲು ನಡುನರ, ಆಮೇಲೆ ಕವಲು, ಕೊನೆಗೆ ಹುಳ ತಿಂದ ತೂತಿನ ಅಂಚು ಕೂಡ ಎದ್ದು ಬರುತ್ತದೆ. ‘ಅರೆ!’ ಎಂಬ ಉದ್ಗಾರ ಹೊರಡುವುದು ಈ ತೂತಿಗೇ, ನಯವಾದ ಎಲೆಗಲ್ಲ.

ಕೊನೆಯ 20 ನಿಮಿಷ ಎಲ್ಲ ಕಾರ್ಡುಗಳೂ, ಅಂದರೆ ಚಿತ್ರ ಬಿಡಿಸಿದ ಆ ಪುಟ್ಟ ಕಾಗದಗಳು, ಹೆಸರಿಲ್ಲದೆ ನೆಲದ ಬಟ್ಟೆಯ ಮೇಲೆ. ‘ಚೆನ್ನಾಗಿದೆ’ ಎನ್ನುವುದು ನಮ್ಮಲ್ಲಿ ನಿಷಿದ್ಧ, ನಡೆಸುವವರಿಗಂತೂ ಕಟ್ಟುನಿಟ್ಟಾಗಿ. ಒಂದನ್ನು ಹೊಗಳಿದ ಕ್ಷಣ ಪಕ್ಕದ ಏಳಕ್ಕೂ ಅಂಕ ಬೀಳುತ್ತದೆ. ‘ಇಲ್ಲಿ ಏನು ಕಾಣುತ್ತಿದೆ’ ಎಂದಷ್ಟೇ ಕೇಳುತ್ತೇವೆ. ಕಲೆ ಬಲ್ಲವರೊಬ್ಬರು ಬಂದರೆ ಉಳಿದವರ ಕೈ ನಿಲ್ಲುವುದು ಖಂಡಿತ. ಅವರಿಗೆ ಬಲಗೈ ಬದಲು ಎಡಗೈಯಲ್ಲಿ ಬಿಡಿಸಲು ಹೇಳಿದರೆ ಅವರಿಗೂ ಖುಷಿ. ಯಾರಾದರೂ ಅತ್ತರೆ ಎಲ್ಲರೂ ತಿರುಗಿ ನೋಡುವುದು ಬೇಡ. ಒಬ್ಬರು ಹೋಗಿ ಪಕ್ಕ ಕೂತರೆ ಸಾಕು, ಉಳಿದವರಿಗೆ ಮರ ಇದೆಯಲ್ಲ.

ಜನ ಬಿಟ್ಟು ಹೋಗುವುದು ಎರಡನೇ ಮತ್ತು ಮೂರನೇ ವಾರದ ನಡುವೆ. ಮೊದಲ ದಿನವೇ ಇಬ್ಬಿಬ್ಬರನ್ನು ಜೋಡಿ ಮಾಡಿ, ಹಿಂದಿನ ಸಂಜೆ ಒಬ್ಬರಿಗೊಬ್ಬರು ‘ನಾಳೆ ಬರ್ತೀರಾ’ ಎಂದು ಫೋನ್ ಮಾಡುವ ಪದ್ಧತಿ ಇಟ್ಟಿದ್ದೇವೆ. ನಮ್ಮ ನೆನಪೋಲೆಗಿಂತ ಈ ಫೋನು ಕೆಲಸ ಮಾಡುತ್ತದೆ. ಮಳೆಯ ದಿನವೂ ಕೂಟ ರದ್ದಿಲ್ಲ, ಮರ ಕಾಣುವ ಕಿಟಕಿಯ ಒಳಗೆ. 1984ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಅವರ ಅಧ್ಯಯನದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಜನರ ಪೈಕಿ ಕಿಟಕಿಯಲ್ಲಿ ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವುನಿವಾರಕವೂ ಕಡಿಮೆ ಬೇಕಾಯಿತು. ಕಿಟಕಿಯನ್ನು ಹಗುರವಾಗಿ ಕಾಣಬೇಡಿ.

ಮಾತ್ರೆಗಳ ವಿಚಾರ ಮೊದಲೇ ಕೇಳಿಕೊಳ್ಳಬೇಕು. ಮನಸ್ಥಿತಿಯ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಬೆವರಿ ನೀರು ಕಳೆದುಕೊಂಡರೆ ರಕ್ತದಲ್ಲಿ ಅದರ ಮಟ್ಟ ಅಪಾಯಕ್ಕೇರಬಹುದು. ಕ್ಲೋರ್‌ಪ್ರೊಮಜಿನ್ (ಮನೋರೋಗದ ಔಷಧ), ಆಂಟಿಬಯಾಟಿಕ್ ಆದ ಡಾಕ್ಸಿಸೈಕ್ಲಿನ್‌ನಂಥವು ಇದ್ದರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಕೂಟಕ್ಕೆ ಬಂದು ಹಗುರವಾಯಿತೆಂದು ಮಾತ್ರೆ ನಿಲ್ಲಿಸುವವರೂ ಉಂಟು. ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತೇವೆ.

ಮನಸ್ಸು ಎಷ್ಟು ನೆಮ್ಮದಿಯಾಗಿದೆ ಎಂಬುದರ ಅಳತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಪ್ರಶ್ನಾವಳಿ ಸಾಕು. ಕಳೆದ ಎರಡು ವಾರದ ಬಗ್ಗೆ 5 ಪ್ರಶ್ನೆ, ಒಂದೊಂದಕ್ಕೆ 0ಯಿಂದ 5, ಒಟ್ಟನ್ನು 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂಬುದು ಸಿಗುತ್ತದೆ. ಮೊದಲ ವಾರ, ಆರನೇ ವಾರ, ಹನ್ನೆರಡನೇ ವಾರ ತುಂಬಿಸುತ್ತೇವೆ. 10 ಅಂಕದ ಏರಿಕೆ ಇದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 50ಕ್ಕಿಂತ ಕೆಳಗಿದ್ದವರನ್ನು, ಅದರಲ್ಲೂ ಇಳಿಯುತ್ತಲೇ ಇರುವವರನ್ನು, ವೈದ್ಯರ ಬಳಿ ಕಳಿಸಬೇಕು, ಇನ್ನೊಂದು ಎಲೆ ಬಿಡಿಸಿ ಎನ್ನಬಾರದು.

ಹನ್ನೆರಡನೇ ವಾರ ಥಟ್ಟನೆ ಬಂದರೆ ಕಟ್ಟಿದ್ದು ಅಲ್ಲೇ ಕಳಚುತ್ತದೆ. ಎಂಟನೇ ವಾರದಿಂದ ನಡಿಗೆಯನ್ನು ಕೂಟಕ್ಕೆ ಬರುವವರಲ್ಲೇ ಒಬ್ಬರು ನಡೆಸುತ್ತಾರೆ, ಹತ್ತರಿಂದ ಕಾರ್ಡು ಹರಡುವುದೂ ಅವರದೇ. ಕೊನೆಯ ದಿನ ಪ್ರದರ್ಶನ ಇಡುವುದಿಲ್ಲ. ರಟ್ಟು, ಕ್ಲಿಪ್, ಪೆನ್ಸಿಲ್ ಇರುವ ಪೆಟ್ಟಿಗೆಯನ್ನು ಅವರ ಕೈಗೇ ಕೊಟ್ಟು, ಮುಂದಿನ ವಾರ ಅದೇ ಹೊತ್ತಿಗೆ ಅದನ್ನು ಹೊತ್ತು ತರುವವರು ಯಾರು ಎಂಬುದನ್ನು ಮಾತ್ರ ಬರೆದುಕೊಂಡು ಬರುತ್ತೇವೆ.