ಸ್ಪ್ರಿಂಗ್ ಕತ್ತರಿಸಿ ಸ್ವಿಫ್ಟ್ ಇಳಿಸಿದ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಕಾರನ್ನು ಎತ್ತರಿಸಿಕೊಡಿ ಎಂದು ಕೇಳಿಕೊಂಡು ಬರುವವರೇ ಹೆಚ್ಚು. ತೋಟದ ದಾರಿ, ಮಳೆಗಾಲದ ಗುಂಡಿ, ಊರೂರಿಗೆ ಹಂಪು ಇರುವ ಕಡೆ ಗಾಡಿಯನ್ನು ಇಳಿಸುತ್ತೇನೆಂದು ನಾನು ಹೇಳಿದಾಗ, ನನಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಗಳು, "ಬೇಡ ಕಣಪ್ಪ, ಸ್ಪ್ರಿಂಗಿಗೆ ಕತ್ತರಿ ಹಾಕಿದ ಗಾಡಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ" ಎಂದರು. ನನ್ನ 2008ರ ಪೆಟ್ರೋಲ್ ಸ್ವಿಫ್ಟ್ ಈಗ ಎರಡು ಮಳೆಗಾಲ ದಾಟಿದೆ. ಕಂಪನಿಯ ಲೆಕ್ಕದಲ್ಲಿ 170 ಮಿಲಿಮೀಟರ್ ಇದ್ದ ನೆಲದ ಅಂತರ ಸುಮಾರು 140ಕ್ಕೆ ಇಳಿದಿದ್ದು, ಆ ಎತ್ತರದಲ್ಲೇ ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿದೆ.

ಮೊದಲ ಸಲ ನಾನು ಕತ್ತರಿಸಲೇ ಇಲ್ಲ. ಒಂದು ಗ್ಯಾರೇಜಿನಲ್ಲಿ ಸ್ಪ್ರಿಂಗನ್ನು ಬಿಚ್ಚದೆಯೇ ಗ್ಯಾಸ್ ಟಾರ್ಚ್ ಹಿಡಿದು ಎರಡು ಸುತ್ತುಗಳನ್ನು ಕೆಂಪಗೆ ಕಾಯಿಸಿ ಕೂರಿಸಿಕೊಟ್ಟರು. ಅರ್ಧ ಗಂಟೆಯ ಕೆಲಸಕ್ಕೆ ಎಂಟುನೂರು ರೂಪಾಯಿ ಕೊಟ್ಟೆ. ಕಾದ ಉಕ್ಕಿನ ಹದ ಕೆಟ್ಟಿತ್ತು. ತಿಂಗಳೊಳಗೆ ಎಡಗಡೆ ಎರಡು ಬೆರಳಿನಷ್ಟು ಹೆಚ್ಚು ಕುಸಿದು ಗಾಡಿ ವಾಲಿ ನಿಂತಿತು. ಆ ಜೋಡಿ ಸ್ಪ್ರಿಂಗುಗಳನ್ನು ತೂಕಕ್ಕೆ ಹಾಕಬೇಕಾಯಿತು.

ಎರಡನೆಯ ಸಲ ಹಾಸನದ ಗುಜರಿಯಿಂದ ಅದೇ ಮಾದರಿಯ ಮುಂದಿನ ಜೋಡಿಯನ್ನು ಸುಮಾರು ಒಂಬೈನೂರು ರೂಪಾಯಿಗೆ ತಂದು, ಆತುರದಲ್ಲಿ ಒಮ್ಮೆಗೇ ಎರಡು ಸುತ್ತು ತೆಗೆದೆ. ನಿಂತಾಗ ಗಾಡಿ ನೋಡಲು ಚೆನ್ನಾಗಿತ್ತು. ಆದರೆ ಜಾಕ್ ಹಾಕಿ ಚಕ್ರವನ್ನು ಪೂರ್ತಿ ಇಳಿಬಿಟ್ಟಾಗ ಸ್ಪ್ರಿಂಗ್ ತನ್ನ ಸೀಟಿನ, ಅಂದರೆ ತಾನು ಕೂರುವ ತಟ್ಟೆಯ, ಮೇಲೆ ಸಡಿಲವಾಗಿ ಕೈಯಲ್ಲೇ ತಿರುಗುತ್ತಿತ್ತು. ಹಂಪು ಇಳಿಯುವಾಗಿನ 'ಟಕ್' ಶಬ್ದಕ್ಕೆ ಕಾರಣ ಆಗ ತಿಳಿಯಿತು. ಓಡುವಾಗ ಅದು ಸೀಟು ಬಿಟ್ಟು ಜಾರಿದ್ದರೆ ಏನಾಗುತ್ತಿತ್ತೆಂದು ಈ ಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ. ಅಂದಿನಿಂದ ನಾನು ಬಿಡದೆ ಪಾಲಿಸುವ ಕಟ್ಟಳೆಯೆಂದರೆ, ಚಕ್ರ ಪೂರ್ತಿ ನೇತಾಡುವಾಗಲೂ ಸ್ಪ್ರಿಂಗ್ ಬಿಗಿಯಾಗಿರಬೇಕು. ಇಲ್ಲದಿದ್ದರೆ ಗಾಡಿ ಗೇಟು ದಾಟಬಾರದು.

ಎಷ್ಟು ಕತ್ತರಿಸಬೇಕೆಂಬ ವಿಷಯದಲ್ಲಿ ಬಹಳ ಜನ ತಪ್ಪುವುದು ಬಿಚ್ಚಿದ ಸ್ಪ್ರಿಂಗನ್ನು ಅಳೆಯುವುದರಿಂದ. ಅಳೆಯಬೇಕಾದದ್ದು ಗಾಡಿ ನಿಂತಿರುವಾಗ, ಭಾರ ಹೊತ್ತ ಸ್ಪ್ರಿಂಗಿನಲ್ಲಿ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರವನ್ನು. ಒಂದು ಸುತ್ತು ತೆಗೆದರೆ ಸ್ಪ್ರಿಂಗ್ ಕುಗ್ಗುವುದು ಅಷ್ಟೇ. ನನ್ನ ಗಾಡಿಯ ಮುಂಭಾಗದಲ್ಲಿ ಅದು ಮೂವತ್ತು ಮಿಲಿಮೀಟರಿನ ಆಸುಪಾಸು ಇತ್ತು, ಆದ್ದರಿಂದ ಮೂರನೆಯ ಸಲ, ಬೇರೊಂದು ಜೋಡಿಯಲ್ಲಿ, ಒಂದೇ ಸುತ್ತು ಸಾಕಾಯಿತು. ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ, ಇರುವುದರಿಂದ, ಅದರಲ್ಲಿ ಸ್ಪ್ರಿಂಗ್ ಚಕ್ರಕ್ಕಿಂತ ಮುಂದೆ ಕೂರುವುದರಿಂದ, ಸ್ಪ್ರಿಂಗ್ ಕುಗ್ಗಿದ್ದಕ್ಕಿಂತ ಗಾಡಿ ಹೆಚ್ಚು ಇಳಿಯುತ್ತದೆ. ಅಲ್ಲಿ ಕಾಲು ಕಾಲು ಸುತ್ತಾಗಿ ತೆಗೆಯುತ್ತ, ಪ್ರತಿ ಸಲವೂ ಕೂರಿಸಿ, ಸ್ವಲ್ಪ ದೂರ ಓಡಿಸಿ ಬಂದು ಅಳೆದು, ಮುಕ್ಕಾಲು ಸುತ್ತಿಗೆ ನಿಲ್ಲಿಸಿದೆ. ಇದಕ್ಕೆ ಮೂರು ಭಾನುವಾರಗಳು ಹೋದವು.

ಕತ್ತರಿಸಲು ಒಂದು ಮಿಲಿಮೀಟರ್ ದಪ್ಪದ ಡಿಸ್ಕ್ ಬಳಸಿ, ಉಳಿಯಬೇಕಾದ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ, ನಿಲ್ಲಿಸಿ ನಿಲ್ಲಿಸಿ ಕೊಯ್ದೆ. ಕತ್ತರಿಸಿದ ಜಾಗದಿಂದ ಎರಡು ಬೆರಳು ಆಚೆಗೆ ಬರಿಗೈ ಇಟ್ಟರೆ ಸುಡಬಾರದು, ಅದೇ ನನ್ನ ಅಳತೆ. ಅಂಚಿಗೆ ಅರ ಹೊಡೆದು, ಸತುವಿನ ಪ್ರೈಮರ್, ಅದರ ಮೇಲೆ ಎಪಾಕ್ಸಿ ಬಣ್ಣ ಕೊಟ್ಟೆ. ನಮ್ಮ ಮಳೆಯಲ್ಲಿ ಬಣ್ಣ ಎದ್ದ ಸ್ಪ್ರಿಂಗ್ ತುಕ್ಕು ಹಿಡಿದು ಅಲ್ಲಿಂದಲೇ ಬಿರುಕು ಬಿಡುತ್ತದೆ. ಹಂದಿಬಾಲದಂತೆ ಒಳಕ್ಕೆ ಸುತ್ತಿಕೊಂಡ ತುದಿಯನ್ನು ಮುಟ್ಟಲಿಲ್ಲ, ತೆರೆದ ತುದಿಯನ್ನಷ್ಟೇ ಕೊಯ್ದೆ. ಕೊಯ್ದ ತುದಿ ಸೀಟಿನ ರಬ್ಬರಿನಲ್ಲಿ ಅಲುಗಾಡದಂತೆ ಕೂರಲು ಆ ರಬ್ಬರಿಗೆ ಏನು ಮಾಡಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ನಾಲ್ಕು ಜೋಡಿ ರಬ್ಬರುಗಳು ಖರ್ಚಾಗಿವೆ.

ನಡುವೆ ಒಂದು ಪ್ರಯೋಗ ಮಾಡಿದೆ. ಕತ್ತರಿಸುವ ಮೊದಲು ಐವತ್ತು ಕೆಜಿಯ ಎರಡು ಕಾಫಿ ಮೂಟೆಗಳನ್ನು ಡಿಕ್ಕಿಯಲ್ಲಿಟ್ಟು, ಚಕ್ರದ ಹಬ್ಬಿನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದಿದ್ದೆ: ಸುಮಾರು 28 ಮಿಲಿಮೀಟರ್ ತಗ್ಗಿತ್ತು. ಕೆಲಸ ಮುಗಿದ ಮೇಲೆ ಅವೇ ಮೂಟೆಗಳಿಗೆ ತಗ್ಗಿದ್ದು 25ರ ಹತ್ತಿರ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದನ್ನು ಹೀಗೆ ಕಣ್ಣಾರೆ ಕಂಡೆ. ತಗ್ಗಿದ ಗಾಡಿ ಹಂಪಿನಲ್ಲಿ ತಳ ಬಡಿಯದೆ ಉಳಿದಿರುವುದರಲ್ಲಿ ಈ ಗಟ್ಟಿತನದ ಪಾಲೂ ಇದೆ.

ನಿಜವಾದ ಖರ್ಚು ಬಂದದ್ದು ಸ್ಪ್ರಿಂಗಿನಿಂದಲ್ಲ. ಹಳೆಯ ಶಾಕ್ ಅಬ್ಸಾರ್ಬರುಗಳು ಗಟ್ಟಿಯಾದ ಸ್ಪ್ರಿಂಗನ್ನು ಹಿಡಿದು ನಿಲ್ಲಿಸಲಾರದೆ ಗಾಡಿ ಕುಣಿಯತೊಡಗಿತು. ನಾಲ್ಕನ್ನೂ ಹೊಸದಾಗಿ ಹಾಕಿದಾಗ ಒಂಬತ್ತು ಸಾವಿರದಷ್ಟಾಯಿತು. ಶಾಕ್ ಪೂರ್ತಿ ಕುಗ್ಗುವಾಗ ಪೆಟ್ಟು ತಡೆಯುವ ಬಂಪ್ ಸ್ಟಾಪ್ ತುಂಡಿನಿಂದ ಹದಿನೈದು ಮಿಲಿಮೀಟರ್ ತೆಗೆದೆ. ಅದನ್ನು ಪೂರ್ತಿ ತೆಗೆಯಿರಿ ಎಂದವರ ಮಾತು ಕೇಳಲಿಲ್ಲ, ಏಕೆಂದರೆ ಅದಿಲ್ಲದಿದ್ದರೆ ಪೆಟ್ಟು ಬೀಳುವುದು ಶಾಕಿನ ಒಳಗೆ. ಅಲೈನ್‌ಮೆಂಟ್ ಆಮೇಲೆ ಮಾಡಿಸೋಣವೆಂದು ಎರಡು ತಿಂಗಳು ತಳ್ಳಿದ್ದು ನನ್ನದೇ ತಪ್ಪು. ಎತ್ತರ ಬದಲಾದಾಗ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೂಡ ಬದಲಾಗಿದ್ದರಿಂದ ಮುಂದಿನ ಎರಡೂ ಟೈರುಗಳ ಒಳಅಂಚು ತಂತಿ ಕಾಣುವಷ್ಟು ಸವೆದು, ಏಳು ಸಾವಿರ ಹೋಯಿತು. ನಾನೂರು ರೂಪಾಯಿಯ ಕೆಲಸವನ್ನು ಮೊದಲೇ ಮಾಡಿಸಿದ್ದರೆ ಅಷ್ಟೂ ಉಳಿಯುತ್ತಿತ್ತು. ಒಟ್ಟು ಲೆಕ್ಕ ಇಪ್ಪತ್ತು ಸಾವಿರದ ಹತ್ತಿರ ಬಂತು.

ಕಳೆದ ತಿಂಗಳು ಮೇಸ್ತ್ರಿಗಳು ತಾವೇ ಟೇಪು ಹಿಡಿದು ನಾಲ್ಕೂ ಮೂಲೆಗಳನ್ನು ಅಳೆದರು. ಎಡಕ್ಕೂ ಬಲಕ್ಕೂ ಇದ್ದ ವ್ಯತ್ಯಾಸ ಮೂರು ಮಿಲಿಮೀಟರ್. ಅವರನ್ನು ಕೂರಿಸಿಕೊಂಡು ಬೆಟ್ಟದ ಬುಡದ ಕೈಮರ ಎಂಬಲ್ಲಿಂದ ಮುಂದೆ ಹೋಗಿ, ಘಾಟಿಯ ತಿರುವುಗಳನ್ನು ಏರಿ ಇಳಿದು ಬಂದೆ. ತಿರುವಿನಲ್ಲಿ ಗಾಡಿ ಮೊದಲಿನಂತೆ ವಾಲುತ್ತಿಲ್ಲವೆಂದು ಅವರೇ ಹೇಳಿದರು. ಐದು ಜನ ಕೂತು ಸಾಮಾನು ತುಂಬಿದರೆ ಎತ್ತರದ ಹಂಪಿಗೆ ಸೈಲೆನ್ಸರ್ ಪೈಪು ಇನ್ನೂ ತಾಗುತ್ತದೆ, ಹಾಗಾಗಿ ಅಂಥ ಕಡೆ ಓರೆಯಾಗಿ ದಾಟಿಸುತ್ತೇನೆ. ಪೈಪಿನ ಹ್ಯಾಂಗರ್ ರಬ್ಬರನ್ನು ಗಿಡ್ಡ ಮಾಡುವ ಕೆಲಸ ಬಾಕಿಯಿದೆ.