ಸಾಲು ಬಿಟ್ಟು ಸಾಲಿಗೆ ಬಣ್ಣ: ಸರದಿ ತಪ್ಪದಂತೆ ಹಾಕುವುದು ಹೇಗೆ?

ವೆಬ್ ಪುಟ ಕಟ್ಟಲು ಕಲಿಯಬಂದವರಿಗೆ ನಾನು ಮೊದಲು ಕೊಡುವ ಅಭ್ಯಾಸವೆಂದರೆ, ಜಯನಗರದಲ್ಲಿರುವಂಥ 120 ಮನೆಗಳ ಅಪಾರ್ಟ್‌ಮೆಂಟೊಂದರ ನಿರ್ವಹಣಾ ಶುಲ್ಕದ ಪಟ್ಟಿ. ಎಂಟು ಕಾಲಂಗಳ ಇಂಥ ಪಟ್ಟಿಗೆ ಬಣ್ಣವಿಲ್ಲದಿದ್ದರೆ ಕಣ್ಣು ಜಾರಿ, ಪಕ್ಕದ ಮನೆಯವರ ಬಾಕಿಯನ್ನು ತಮ್ಮದೆಂದು ಓದಿಕೊಳ್ಳುವವರಿದ್ದಾರೆ.

ಮೊದಲಿಗೆ ಡೇಟಾಬೇಸ್‌ನಿಂದ ದಾಖಲೆಗಳನ್ನು ಮನೆ ಸಂಖ್ಯೆಯ ಕ್ರಮದಲ್ಲಿ ತರಿಸಿಕೊಂಡು, ಲೂಪಿನಲ್ಲಿ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಒಂದೊಂದನ್ನೂ ಟೇಬಲ್ಲಿನ ಸಾಲಾಗಿ ಬರೆಯಿರಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ದಾಖಲೆಯ ಐಡಿಯನ್ನು (ಡೇಟಾಬೇಸ್‌ನಲ್ಲಿ ಅದಕ್ಕಿರುವ ಗುರುತಿನ ಸಂಖ್ಯೆ) 2ರಿಂದ ಭಾಗಿಸಿ, ಶೇಷ ಸೊನ್ನೆಯಾದರೆ ಬೂದು, ಒಂದಾದರೆ ಬಿಳಿ ಎಂದು ಬರೆದುಬಿಡುತ್ತಾರೆ. ಪರೀಕ್ಷೆಗೆಂದು ತುಂಬಿದ ಹತ್ತು ಸಾಲುಗಳಲ್ಲಿ ಇದು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ 6ನೆಯ ದಾಖಲೆಯನ್ನು ಅಳಿಸಿದ ದಿನ 5 ಮತ್ತು 7 ಅಕ್ಕಪಕ್ಕ ಬಂದು ಎರಡೂ ಬಿಳಿಯಾಗುತ್ತವೆ. ಬಾಕಿದಾರರನ್ನಷ್ಟೇ ಆರಿಸಿದರಂತೂ ನಾಲ್ಕೈದು ಸಾಲು ಒಂದೇ ಬಣ್ಣದಲ್ಲಿ ನಿಲ್ಲಬಹುದು. ಆದ್ದರಿಂದ ಲೂಪಿನ ಹೊರಗೆ ಸೊನ್ನೆಯಿಂದ ಶುರುವಾಗುವ ಎಣಿಕೆಯೊಂದನ್ನು ಇಟ್ಟುಕೊಂಡು, ಪ್ರತಿ ಸಾಲು ಬರೆದ ಮೇಲೆ ಅದಕ್ಕೆ ಒಂದು ಕೂಡಿಸುತ್ತ, ಆ ಎಣಿಕೆಯ ಶೇಷವನ್ನೇ ನೋಡಬೇಕು. ಎಣಿಕೆಯನ್ನು ಲೂಪಿನೊಳಗೇ ಸೊನ್ನೆಗೆ ಇಳಿಸಿದರೆ ಪಟ್ಟಿಯೆಲ್ಲ ಒಂದೇ ಬಣ್ಣವಾಗುತ್ತದೆ. ಇದನ್ನೂ ಬೇಕಾದಷ್ಟು ಸಲ ನೋಡಿದ್ದೇನೆ.

ನನ್ನನ್ನು ಕೇಳಿದರೆ ಈ ಎಣಿಕೆಯೂ ಬೇಡ. ಪುಟದ ಅಂದಚಂದ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ, ಎಷ್ಟನೆಯದೆಂದು ನೋಡಿ ಸಾಲನ್ನು ಆರಿಸುವ ಎನ್‌ತ್‌-ಚೈಲ್ಡ್ (nth-child) ಸೆಲೆಕ್ಟರ್‌ಗೆ ‘ಈವನ್’ (even, ಸಮಸಂಖ್ಯೆ) ಎಂದು ಕೊಟ್ಟರೆ ಸಾಲುಗಳನ್ನು ಬ್ರೌಸರೇ ಎಣಿಸಿಕೊಳ್ಳುತ್ತದೆ. 2011ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 9 ಕೂಡ ಇದನ್ನು ಅರಿತಿತ್ತು. ಹೀಗಿರುವಾಗ ಇಷ್ಟಕ್ಕಾಗಿಯೇ ಜಾವಾಸ್ಕ್ರಿಪ್ಟ್ ಪ್ಲಗಿನ್ (ಪುಟಕ್ಕೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಹೇರಿಕೊಳ್ಳುವುದು ದಂಡ. ತಲೆಬರಹದ ಸಾಲನ್ನು ಟೇಬಲ್ಲಿನ ತಲೆಭಾಗವಾದ ಟಿಹೆಡ್‌ನಲ್ಲಿಟ್ಟು (thead), ನಿಯಮವನ್ನು ಅದರ ಒಡಲಾದ ಟಿಬಾಡಿಯ (tbody) ಸಾಲುಗಳಿಗೆ ಮಾತ್ರ ಬರೆಯಿರಿ.

ಇಲ್ಲಿಯೂ ಒಂದು ಗುಂಡಿಯಿದೆ. ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಟೈಪಿಸಿದಾಗ ಬೇಡದ ಸಾಲುಗಳನ್ನು ಬರಿದೇ ಮರೆಮಾಡಿದರೆ, ಬ್ರೌಸರ್ ಅವನ್ನೂ ಎಣಿಸುವುದರಿಂದ ಸರದಿ ಮತ್ತೆ ಕೆಡುತ್ತದೆ. ಎನ್‌ತ್‌-ಚೈಲ್ಡ್‌ನೊಳಗೆ ‘ಆಫ್’ (of) ಸೇರಿಸಿ, ಮರೆಯಾಗದ ಸಾಲುಗಳನ್ನಷ್ಟೇ ಎಣಿಸಲು ಹೇಳುವ ಸೌಲಭ್ಯ 2023ರಿಂದೀಚೆಗೆ ಪ್ರಮುಖ ಬ್ರೌಸರ್‌ಗಳೆಲ್ಲದರಲ್ಲೂ ಇದೆ. ಹಳೆಯ ಫೋನುಗಳ ಬಳಕೆದಾರರೂ ಇದ್ದರೆ ಸರ್ವರ್‌ನಿಂದಲೇ ಪಟ್ಟಿಯನ್ನು ಹೊಸದಾಗಿ ತರಿಸುವುದು ಲೇಸು.

ಬಣ್ಣ ತಿಳಿಬೂದಿಗಿಂತ ಗಾಢವಾಗದಿರಲಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ಅಂತರದ ಅನುಪಾತ) ಬೇಕು. ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆಂದು ಪ್ರಿಂಟ್ ತೆಗೆಯುವಾಗ ಬ್ರೌಸರ್‌ಗಳು ಸಾಮಾನ್ಯವಾಗಿ ಹಿನ್ನೆಲೆ ಬಣ್ಣವನ್ನು ಬಿಟ್ಟುಬಿಡುವುದರಿಂದ, ಪ್ರತಿ ಸಾಲಿನ ಕೆಳಗೆ ತೆಳುವಾದ ಗೆರೆಯೊಂದನ್ನೂ ಎಳೆದಿಡಿ.