ಮೂರು ದೀಪಗಳಿಂದ ಬಿಳಿ ಬೆಳಕು: ರಂಗದ ಮೇಲಿನ ನನ್ನ ಅನುಭವ

ಹವ್ಯಾಸಿ ನಾಟಕ ತಂಡಗಳಿಗೆ ಬೆಳಕಿನ ವಿನ್ಯಾಸ ಮಾಡುವ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಕೊಡುವ ಬಣ್ಣವೆಂದರೆ ಬಿಳಿ. ಹ್ಯಾಲೊಜೆನ್ ದೀಪಗಳಲ್ಲಿ ಜೆಲ್ (ದೀಪದ ಮುಂದಿಡುವ ಬಣ್ಣದ ಪಾರದರ್ಶಕ ಹಾಳೆ) ಹಾಕದೆ ಬಿಟ್ಟರೆ ಸಾಕು, ಬಿಳಿ ತಾನಾಗಿಯೇ ಸಿಗುತ್ತಿತ್ತು. ಈಗ ಬಾಡಿಗೆಗೆ ಬರುವ ರಂಗದೀಪಗಳಾದ ಎಲ್‌ಇಡಿ ಪಾರ್‌ಗಳಲ್ಲಿ ಅನೇಕವುಗಳೊಳಗೆ ಕೆಂಪು, ಹಸಿರು, ನೀಲಿ ಎಂಬ ಮೂರೇ ಬಗೆಯ ದೀಪಗಳಿರುವುದರಿಂದ ಬಿಳಿಯನ್ನು ನಾವೇ ಕೂಡಿಸಿಕೊಳ್ಳಬೇಕಾಗಿದೆ.

ಮೂರು ಬಣ್ಣದ ಜೆಲ್ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಒಂದೇ ದೀಪದ ಮುಂದೆ ಹಿಡಿದರೆ ಪರದೆ ಬಹುತೇಕ ಕಪ್ಪಾಗುತ್ತದೆ. ಅವೇ ಹಾಳೆಗಳನ್ನು ಮೂರು ದೀಪಗಳಿಗೆ ಒಂದೊಂದರಂತೆ ಹಾಕಿ ಮೂರರ ಬೆಳಕನ್ನೂ ಒಂದೇ ಜಾಗಕ್ಕೆ ಬೀಳಿಸಿದರೆ ಆ ಜಾಗ ಬಿಳಿಯಾಗುತ್ತದೆ. ಮೊದಲನೆಯದರಲ್ಲಿ ಪ್ರತಿ ಹಾಳೆಯೂ ಉಳಿದೆರಡರ ಬೆಳಕನ್ನು ತಡೆಯುತ್ತದೆ, ಎರಡನೆಯದರಲ್ಲಿ ಬೆಳಕಿಗೆ ಬೆಳಕು ಸೇರುತ್ತದೆ. ತಂಡಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಬಣ್ಣ ಕಲಸಿ ಅಭ್ಯಾಸವಿರುವ ರಂಗಸಜ್ಜಿಕೆಯವರಿಗೂ ಇದನ್ನು ಕಣ್ಣಾರೆ ಕಂಡ ಮೇಲೆಯೇ ನಂಬಿಕೆ ಬರುತ್ತದೆ.

ಬಿಳಿಯನ್ನು ಹೊಂದಿಸುವಾಗ ನಾನು ಮೂರು ಸ್ಲೈಡರ್‌ಗಳನ್ನೂ ಒಟ್ಟಿಗೆ ಮೇಲಕ್ಕೆ ತಳ್ಳುವುದಿಲ್ಲ. ಹಾಗೆ ಮಾಡಿದರೆ ಸಾಮಾನ್ಯವಾಗಿ ಸಿಗುವುದು ನೀಲಿ ಛಾಯೆಯ, ತಣ್ಣಗಿನ ಬೆಳಕು. ನೀಲಿ ಹಾಕದೆ ಒಗೆದ ಬಿಳಿ ಬಟ್ಟೆಯೊಂದನ್ನು ಇಳಿಬಿಟ್ಟು, ಅದರ ಒಂದು ಅರ್ಧಕ್ಕೆ ಹ್ಯಾಲೊಜೆನ್ ಬೆಳಕನ್ನೂ ಇನ್ನೊಂದು ಅರ್ಧಕ್ಕೆ ಎಲ್‌ಇಡಿ ಬೆಳಕನ್ನೂ ಬೀಳಿಸಿಕೊಳ್ಳುತ್ತೇನೆ. ಮೊದಲು ಕೆಂಪನ್ನು ಪೂರ್ತಿ ಏರಿಸಿ, ಹಸಿರನ್ನು ನಿಧಾನವಾಗಿ ಸೇರಿಸುತ್ತ ಹೋದರೆ ಬಟ್ಟೆ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ತಿರುಗುತ್ತದೆ. ಆಗ ನೀಲಿಯನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟರೆ ಹಳದಿ ತೆಳುವಾಗುತ್ತ ಬಂದು ಎರಡು ಅರ್ಧಗಳ ನಡುವಿನ ಗೆರೆ ಒಂದು ಹಂತದಲ್ಲಿ ಕಾಣದಂತಾಗುತ್ತದೆ. ಹ್ಯಾಲೊಜೆನ್‌ನ ಬಣ್ಣದ ತಾಪ (ಬಿಳಿಯ ಛಾಯೆಯ ಅಳತೆ; ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ) ಸುಮಾರು 3200 ಕೆಲ್ವಿನ್ ಆಗಿದ್ದು ಹಗಲಿನ ಬೆಳಕಿಗಿಂತ ಬೆಚ್ಚಗಿರುವುದರಿಂದ, ಅದಕ್ಕೆ ಸರಿಗಟ್ಟಲು ನೀಲಿ ಬಹಳ ಕಡಿಮೆ ಸಾಕಾಗುತ್ತದೆ. ಪಕ್ಕದಲ್ಲಿ ಹೋಲಿಕೆಗೆ ಏನನ್ನೂ ಇಟ್ಟುಕೊಳ್ಳದೆ ಕಣ್ಣಂದಾಜಿನಲ್ಲಿ ಹೊಂದಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕತ್ತಲ ಸಭಾಂಗಣದಲ್ಲಿ ಸ್ವಲ್ಪ ಹೊತ್ತು ಕುಳಿತರೆ ಕಣ್ಣು ಎಂಥ ಬೆಳಕಿಗೂ ಒಗ್ಗಿಕೊಂಡು ಅದನ್ನೇ ಬಿಳಿ ಎಂದು ಒಪ್ಪಿಕೊಂಡುಬಿಡುತ್ತದೆ.

ಮೂರು ಬಣ್ಣಗಳ ಪಾಲು ಸಮವಲ್ಲ ಎಂಬುದು ಕಣ್ಣಿನ ಗುಣ. ಟಿವಿ ಪರದೆಗಳಿಗೆ ಬಳಕೆಯಲ್ಲಿರುವ ಒಂದು ಮಾನಕದ ಪ್ರಕಾರ ಬಿಳಿಯ ಹೊಳಪಿನಲ್ಲಿ ಸುಮಾರು 72 ಪಾಲು ಹಸಿರಿನದು, 21 ಪಾಲು ಕೆಂಪಿನದು, ನೀಲಿಯದು ಕೇವಲ 7 ಪಾಲು. ಹೊಳಪಿಗೆ ಇಷ್ಟು ಕಡಿಮೆ ಕೊಡುವ ನೀಲಿಯನ್ನು ತೆಗೆದರೂ ಪರದೆ ತಕ್ಷಣ ಹಳದಿಯಾಗುತ್ತದೆ. ಹಾಗೆಯೇ ಹಸಿರನ್ನು ತೆಗೆದರೆ ಕಡುಗುಲಾಬಿ, ಕೆಂಪನ್ನು ತೆಗೆದರೆ ಹಸಿರುನೀಲಿ ಉಳಿಯುತ್ತದೆ. 1704ರಲ್ಲಿ ಪ್ರಕಟವಾದ ತನ್ನ ‘ಆಪ್ಟಿಕ್ಸ್’ನಲ್ಲಿ ನ್ಯೂಟನ್ ವಿವರಿಸಿದ ಪ್ರಯೋಗವೂ ಇದೇ ಜಾತಿಯದು. ಪಟ್ಟಕದಿಂದ ಬಿಡಿಸಿದ ಬಣ್ಣಗಳನ್ನು ಆತ ಮಸೂರದಿಂದ ಮತ್ತೆ ಕೂಡಿಸಿ ಬಿಳಿ ಮಾಡಿದ. ಮಸೂರದ ಬಳಿ ಬಾಚಣಿಗೆಯನ್ನು ಹಿಡಿದು ಅದರ ಹಲ್ಲುಗಳಿಂದ ಕೆಲವು ಬಣ್ಣಗಳನ್ನು ತಡೆದಾಗ ಆ ಬಿಳಿಗೆ ಬಣ್ಣ ಬಂತು, ಬಾಚಣಿಗೆಯನ್ನು ವೇಗವಾಗಿ ಆಡಿಸಿದಾಗ ಅದು ಮತ್ತೆ ಬಿಳಿಯಾಯಿತು.

ಬಟ್ಟೆಯ ಮೇಲೆ ಗೆರೆ ಕಾಣದಷ್ಟು ಹೊಂದಿಕೊಂಡ ಎರಡು ಬಿಳಿಗಳು ಪಾತ್ರಧಾರಿಯ ಮುಖದ ಮೇಲೆ ಬೇರೆಯಾಗಿಬಿಡುತ್ತವೆ. ಹ್ಯಾಲೊಜೆನ್‌ನಲ್ಲಿ ಕೆಂಪಿನಿಂದ ನೇರಳೆಯವರೆಗಿನ ಎಲ್ಲ ತರಂಗಗಳೂ ಎಡೆಬಿಡದೆ ಇರುತ್ತವೆ. ಮೂರು ಎಲ್‌ಇಡಿಗಳ ಬೆಳಕಿನಲ್ಲಿ ಮೂರು ದಿಣ್ಣೆಗಳಿದ್ದು, ಹಸಿರಿಗೂ ಕೆಂಪಿಗೂ ನಡುವಿನ ಹಳದಿ ಭಾಗ ಬಹುಪಾಲು ಖಾಲಿಯಾಗಿರುತ್ತದೆ. ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರೇ ಬಗೆಯವಾದ್ದರಿಂದ ಬಿಳಿ ಬಟ್ಟೆ ನೋಡುವಾಗ ಈ ಕೊರತೆ ಅದಕ್ಕೆ ತಿಳಿಯುವುದಿಲ್ಲ. ಆದರೆ ಚರ್ಮ, ಮೇಕಪ್ಪು, ರೇಷ್ಮೆ ಪ್ರತಿ ತರಂಗವನ್ನೂ ಬೇರೆಬೇರೆ ಪ್ರಮಾಣದಲ್ಲಿ ಪ್ರತಿಫಲಿಸುವುದರಿಂದ ಅಲ್ಲಿ ಗುಟ್ಟು ರಟ್ಟಾಗುತ್ತದೆ: ಕುಂಕುಮಗೆಂಪಿನ ಸೆರಗು ಅತಿಯಾಗಿ ಕೆಂಪೇರುತ್ತದೆ, ಮುಖ ಗುಲಾಬಿಗೆ ತಿರುಗುತ್ತದೆ. ಆದಕಾರಣ ಮುಖದ ಬೆಳಕಿಗೆ ಹ್ಯಾಲೊಜೆನ್ ಸಿಕ್ಕರೆ ಅದನ್ನೇ, ಸಿಗದಿದ್ದರೆ ಪ್ರತ್ಯೇಕ ಬಿಳಿ ಅಥವಾ ಅಂಬರ್ (ಕಿತ್ತಳೆ-ಹಳದಿ) ಎಲ್‌ಇಡಿ ಸೇರಿರುವ ಪಾರ್ ಅನ್ನು ಬಳಸಿ, ಮೂರು ಬಣ್ಣದ ಬಿಳಿಯನ್ನು ಹಿಂದಿನ ಪರದೆಗೆ ಮೀಸಲಿಡುತ್ತೇನೆ. ಬಾಡಿಗೆ ಹೆಚ್ಚಾಯಿತೆಂದು ತಂಡದವರು ಗೊಣಗಿದರೂ ಈ ವಿಷಯದಲ್ಲಿ ನಾನು ಮಣಿಯುವುದಿಲ್ಲ.

ನೆರಳುಗಳ ವಿಚಾರವನ್ನೂ ಹೇಳಬೇಕು. ಮೂರು ಬಣ್ಣಗಳನ್ನು ದೂರದೂರದ ಮೂರು ದೀಪಗಳಿಂದ ತಂದು ಕೂಡಿಸಿದರೆ ನಟನ ಹಿಂದೆ ಹಳದಿ, ಕಡುಗುಲಾಬಿ, ಹಸಿರುನೀಲಿ ಬಣ್ಣದ ಮೂರು ನೆರಳುಗಳು ಬೀಳುತ್ತವೆ. ಮಕ್ಕಳ ನಾಟಕಕ್ಕೆ ಇದು ಸೊಗಸು. ಗಂಭೀರ ದೃಶ್ಯಗಳಲ್ಲಿ ಇದನ್ನು ತಪ್ಪಿಸಲು ಮೂರೂ ಬಣ್ಣಗಳು ಒಂದೇ ಪಾರ್‌ನಿಂದ ಬರುವಂತೆ ಮಾಡಿ, ಮುಂದೆ ಮಬ್ಬುಹಾಳೆ ಹಾಕಬೇಕು.

ಅತ್ಯಂತ ಜಾಗ್ರತೆ ಬೇಕಾಗುವುದು ದೃಶ್ಯಾಂತ್ಯದಲ್ಲಿ ಬೆಳಕನ್ನು ಆರಿಸುವಾಗ. ದೀಪಗಳನ್ನು ನಿಯಂತ್ರಿಸುವ ಡಿಎಂಎಕ್ಸ್ ಕನ್ಸೋಲ್‌ನಲ್ಲಿ ಪ್ರತಿ ಬಣ್ಣಕ್ಕೂ ಸಾಮಾನ್ಯವಾಗಿ 0ರಿಂದ 255ರವರೆಗಿನ ಹಂತಗಳಿರುತ್ತವೆ. ಕೆಂಪು 255, ಹಸಿರು 140, ನೀಲಿ 60 ಇಟ್ಟು ಮಾಡಿದ ಬಿಳಿಯನ್ನು ಶೇಕಡ 2ಕ್ಕೆ ಇಳಿಸಿದರೆ ಅವು 5, 3, 1 ಆಗುತ್ತವೆ. ಇನ್ನೂ ಇಳಿಸಿದರೆ ನೀಲಿ ಎಲ್ಲಕ್ಕಿಂತ ಮೊದಲೇ ಸೊನ್ನೆಯಾಗಿ, ಕೊನೆಯ ಕ್ಷಣದಲ್ಲಿ ಪರದೆ ಇದ್ದಕ್ಕಿದ್ದಂತೆ ಕಿತ್ತಳೆಗೆ ಜಿಗಿಯುತ್ತದೆ. ಪ್ರತಿ ಬಣ್ಣಕ್ಕೆ ಎರಡು ಚಾನೆಲ್ ಬಳಸುವ 16 ಬಿಟ್ ದೀಪಗಳಲ್ಲಿ ಹಂತಗಳು 65,536 ಆಗುವುದರಿಂದ ಈ ತೊಂದರೆ ಕಾಣಿಸುವುದಿಲ್ಲ. ಅವು ಸಿಗದ ಕಡೆ ನಾನು ಎಲ್‌ಇಡಿಯನ್ನು ಶೇಕಡ 10ರ ಆಸುಪಾಸಿನಲ್ಲೇ ಪೂರ್ತಿ ಆರಿಸಿ, ಅದಕ್ಕೂ ಮೊದಲೇ ಮಂದವಾಗಿ ಹಚ್ಚಿಟ್ಟುಕೊಂಡ ಹ್ಯಾಲೊಜೆನ್‌ನಿಂದ ಉಳಿದ ಇಳಿಕೆಯನ್ನು ಮುಗಿಸುತ್ತೇನೆ.